ಕಳೆಯವರು ಹಾಡದ ಹಾಡು

ಭೀಮನಬೀಡಿನ ಸಿದ್ದಮಲ್ಲಪ್ಪನಿಗೆ ಹಾಡು ಕಟ್ಟುವುದನ್ನು ಯಾವ ಗುರುವೂ ಕಲಿಸಲಿಲ್ಲ. ಹಾಗಂತ ಅವನೇ ಹೇಳಿಕೊಂಡು ತಿರುಗುತ್ತಿದ್ದ, ಅದೂ ಸ್ವಲ್ಪ ಜಂಬದಿಂದಲೇ. ಭಜನೆ ಮನೆಯಲ್ಲಿ ತಾಳ ಕುಟ್ಟುತ್ತಿದ್ದವನು ಹಳೇ ಹಾಡಿಗೆ ತನ್ನದೊಂದು ಸಾಲು ಸೇರಿಸುವುದು, ಹಿರಿಯರ ಹತ್ತಿರ ಉಗಿಸಿಕೊಳ್ಳುವುದು, ಮಾರನೆಯ ವಾರ ಮತ್ತೆ ಸೇರಿಸುವುದು. ಹೀಗೇ ಸೇರಿಸಿ ಸೇರಿಸಿ ಒಂದು ದಿನ ಪೂರಾ ಹಾಡೇ ತನ್ನದಾಗಿಬಿಟ್ಟಿತು. ಕ್ಯಾಸೆಟ್ಟಿನ ಕಾಲದಲ್ಲಿ ಮೈಸೂರಿನ ಕಂಪನಿಯೊಂದು ಅವನನ್ನು ಹಿಡಿದುಕೊಂಡಿತು. ಆಮೇಲೆ ಕೇಳಬೇಕೆ? ಮಾದಪ್ಪನ ಮೇಲೆ ಬರೆದ, ಗೋಪಾಲಸ್ವಾಮಿ ಬೆಟ್ಟದ ಮೇಲೆ ಬರೆದ, ಸಾಕ್ಷರತೆಯ ಮೇಲೆ, ಪೋಲಿಯೊ ಹನಿಯ ಮೇಲೆ, ಕೊನೆಗೆ ಶೌಚಾಲಯದ ಮೇಲೂ ಬರೆದ. ಒಂದು ಚುನಾವಣೆಯಲ್ಲಿ ಎದುರಾಬದುರು ನಿಂತಿದ್ದ ಇಬ್ಬರಿಗೂ ಹಾಡು ಕೊಟ್ಟ. ಎರಡೂ ಜೀಪು ಗುಂಡ್ಲುಪೇಟೆ ಬಸ್‌ಸ್ಟ್ಯಾಂಡಿನಲ್ಲಿ ಮುಖಾಮುಖಿಯಾದಾಗ ಮಾತು ಬೇರೆ, ರಾಗ ಒಂದೇ ಎಂಬುದು ಬಯಲಾಗಿ, ನಮ್ಮ ಕವಿ ಕೆಲವು ದಿನ ಪೇಟೆ ಕಡೆ ತಲೆ ಹಾಕಲಿಲ್ಲ.

ಇಂಥ ಮನುಷ್ಯನಿಗೂ ಒಂದು ಕಟ್ಟುಪಾಡಿತ್ತು. ಹಾಡು ಮುಗಿದ ಮೇಲೆ ಅವನು ಅದನ್ನು ಸ್ಟುಡಿಯೋಗೆ ಒಯ್ಯುತ್ತಿರಲಿಲ್ಲ, ಕಳೆ ಕೀಳುವ ಹೆಂಗಸರ ಹತ್ತಿರ ಒಯ್ಯುತ್ತಿದ್ದ. ಅವನ ಬೀದಿಯ ಹೆಂಗಸರೆಲ್ಲ ಮುಯ್ಯಾಳಿನವರು. ಇವತ್ತು ನಿಮ್ಮ ಹೊಲಕ್ಕೆ ನಾವು, ನಾಳೆ ನಮ್ಮ ಹೊಲಕ್ಕೆ ನೀವು. ಕೂಲಿ ಇಲ್ಲ, ಕೊಡುವುದು ಬಿಡುವುದು ಇಲ್ಲ. ಸಾಲು ಹಿಡಿದು ಕೂತರೆಂದರೆ ಕೈ ಕೈಯ ಪಾಡಿಗೆ, ಬಾಯಿ ಬಾಯಿಯ ಪಾಡಿಗೆ. ಸಿದ್ದಮಲ್ಲಪ್ಪ ಬದುವಿನ ಮೇಲೆ ಕೂತು ಹೊಸ ಹಾಡನ್ನು ಒಂದೇ ಒಂದು ಸಲ ಹಾಡುತ್ತಿದ್ದ, ಪಂಚೆ ಕೊಡವಿ ಎದ್ದು ಬರುತ್ತಿದ್ದ. ಮಾರನೆಯ ದಿನ ಯಾರೂ ಕೇಳದೆ, ಯಾರೂ ಹೇಳದೆ ಅದು ಅವರ ಬಾಯಲ್ಲಿ ಬಂತೋ, ಹಾಡು ಬದುಕಿತು. ಬರಲಿಲ್ಲವೋ, ಕಾಗದ ಒಲೆಗೆ. ಮೈಸೂರಿನ ಕಂಪನಿಯವರು ಮೊದಮೊದಲು ಇದನ್ನು ಕೇಳಿ ನಕ್ಕಿದ್ದರು. ಕಳೆಯವರು ಪಾಸು ಮಾಡಿದ ಹಾಡುಗಳೇ ಅಂಗಡಿಯಲ್ಲಿ ಓಡುವುದನ್ನು ಕಂಡ ಮೇಲೆ ತಾವೇ ಫೋನು ಮಾಡಿ, "ಏನಂದ್ರು ಸ್ವಾಮಿ ನಿಮ್ಮ ಹೆಂಗಸರು?" ಎಂದು ವಿಚಾರಿಸತೊಡಗಿದರು.

ಆದರೆ ಸಿದ್ದಮಲ್ಲಪ್ಪ ಎಂದರೆ ಜನಕ್ಕೆ ನೆನಪಾಗುವುದು ಒಂದೇ ಹಾಡು. ಮಾದಪ್ಪನ ಹಾಡಲ್ಲ, ಪೋಲಿಯೊ ಹಾಡಂತೂ ಅಲ್ಲವೇ ಅಲ್ಲ.

ಸಂತೆಮರಳ್ಳಿ ಸಂತೆಗೆ ಬಂದ ಕುದೇರೂರ ಹೆಣ್ಣು
ಎಡಗೆನ್ನೆ ಮಚ್ಚೆ ತಕ್ಕಡಿಗಿಟ್ರೆ ಏಳೂರ ಹೊನ್ನು

ಇದು ಯಾರ ಮೇಲೆ ಕಟ್ಟಿದ್ದು ಎಂದು ಯಾರೂ ಯಾರನ್ನೂ ಕೇಳಬೇಕಾಗಿರಲಿಲ್ಲ. ಅವನ ಹೆಂಡತಿ ಶಾಂತಮಲ್ಲಮ್ಮನ ತವರು ಕುದೇರು. ಅವಳ ಎಡಗೆನ್ನೆಯ ಮೇಲೆ ಹೆಸರುಕಾಳಿನಷ್ಟು ಮಚ್ಚೆ. ಹಾಡು ಬಂದ ವರ್ಷ ಚಾಮರಾಜನಗರದ ಹೋಟೆಲು, ಸಂತೆಮರಹಳ್ಳಿಯ ಬಸ್ಸು, ಮದುವೆಯ ಆರ್ಕೆಸ್ಟ್ರಾ, ಎಲ್ಲಿ ಹೋದರೂ ಅದೇ. ಕ್ಯಾಸೆಟ್ಟು ಹೋಯಿತು, ಸೀಡಿ ಬಂದು ಹೋಯಿತು, ಹಾಡು ಮಾತ್ರ ಹೋಗಲಿಲ್ಲ. ಈಗಲೂ ಹೈವೇ ಪಕ್ಕದ ಚೆಂಡುಹೂವಿನ ಹೊಲದಲ್ಲಿ ಫೋಟೊ ತೆಗೆಸಿಕೊಳ್ಳಲು ಬರುವ ಮಲಯಾಳಿ ಹುಡುಗಿಯರು ಅರ್ಥ ಗೊತ್ತಿಲ್ಲದೆ ಅದಕ್ಕೆ ಕುಣಿದು ರೀಲ್ಸ್ ಮಾಡುತ್ತಾರೆ. ದಾರಿಯಲ್ಲಿ ಹೋಗುವ ಸಿದ್ದಮಲ್ಲಪ್ಪ ಸೈಕಲ್ ನಿಲ್ಲಿಸಿ ನೋಡಿಕೊಂಡು, ಏನೂ ಅರಿಯದವನಂತೆ ಮುಂದೆ ಹೋಗುತ್ತಿದ್ದ. ಒಳಗೊಳಗೆ ಎಷ್ಟು ಹಿಗ್ಗುತ್ತಿದ್ದನೋ ಅವನಿಗೇ ಗೊತ್ತು.

ಹೋದ ಆಷಾಢದಲ್ಲಿ ಶಾಂತಮಲ್ಲಮ್ಮ ತೀರಿಕೊಂಡಳು. ಬೆಳಿಗ್ಗೆ ರೊಟ್ಟಿ ತಟ್ಟಿದವಳು, ಎದೆ ಹಿಡಿದುಕೊಂಡಂತಾಯ್ತು ಎಂದು ಗೋಡೆಗೆ ಒರಗಿದಳು. ಆಟೋ ಬರುವುದರೊಳಗೆ ಎಲ್ಲ ಮುಗಿದಿತ್ತು. ಅವತ್ತಿನಿಂದ ಸಿದ್ದಮಲ್ಲಪ್ಪನ ಬಾಯಿಂದ ಒಂದು ಸಾಲೂ ಹುಟ್ಟಲಿಲ್ಲ. ಚಾಮರಾಜನಗರದಲ್ಲಿ ಸ್ಟುಡಿಯೋ ಇಟ್ಟುಕೊಂಡಿದ್ದ ಸೋಮೇಶ್, ಕ್ಯಾಸೆಟ್ ಕಂಪನಿ ಮುಚ್ಚಿದ ಮೇಲೆ ಅವನ ಹಾಡುಗಳನ್ನೆಲ್ಲ ಯೂಟ್ಯೂಬಿಗೆ ಹತ್ತಿಸುತ್ತಿದ್ದವನು, ತಿಂಗಳಿಗೊಮ್ಮೆ ಬಂದು ಕೂತು ಕಾಫಿ ಕುಡಿದು ಬರಿಗೈಯಲ್ಲಿ ಹೋಗುತ್ತಿದ್ದ. ಗುಂಡ್ಲುಪೇಟೆಗೆ ಕೊಟ್ಟಿದ್ದ ಮಗಳು ಪವಿತ್ರ, ಅಲ್ಲೇ ಸ್ಕೂಲಿನಲ್ಲಿ ಟೀಚರು, ಭಾನುವಾರ ಬಂದು ಅಡಿಗೆ ಮಾಡಿಟ್ಟು ಹೋಗುತ್ತಿದ್ದಳು.

"ಅಪ್ಪ, ಊರೋರ ಮೇಲೆಲ್ಲ ಬರೆದ್ರಿ. ಅವ್ವನ ವರ್ಷದ ಪೂಜೆಗೆ ಅವ್ವಂಗೊಂದು ಬರೀರಿ" ಎಂದು ಅವಳು ಹೇಳಿದ್ದು ಅವನ ಮನಸ್ಸಿನಲ್ಲಿ ಕೂತುಬಿಟ್ಟಿತು. ನಲವತ್ತು ವರ್ಷ ಬರೆದವನು ಹೆಂಡತಿಗೊಂದು ಹಾಡು ಕೊಡದೆ ಕಳಿಸಿಬಿಟ್ಟರೆ ಅದೆಂಥಾ ಬಾಳು? 'ಏಳೂರ ಹೊನ್ನು' ಪ್ರಾಯದ ಹಾಡು. ಜೊತೆಗೆ ಬಾಳಿದವಳ ಹಾಡು ಬೇರೆ ಇರಬೇಕಲ್ಲವೇ? ಕೂತ, ಎದ್ದ, ಗೀಚಿದ, ಹರಿದ. ಕಡೆಗೊಂದು ಬೆಳಿಗ್ಗೆ ಒಲೆಯ ಮುಂದೆ ನೀರು ಕಾಯಿಸುತ್ತ ಕೂತಿದ್ದಾಗ ತಾನಾಗೇ ಬಂತು:

ಹೊಸಲಿಗೆ ಅರಿಸಿನ ಹಚ್ಚಿದೋಳು ಹೋದಳೆಲ್ಲಿಗೆ
ಒಲೆ ಕೇಳ್ತೈತೆ, ಒರಳು ಕೇಳ್ತೈತೆ, ಹೇಳ್ಲಿ ಯಾರಿಗೆ

ಮುಂದಿನ ನುಡಿಗಳೂ ಹಾಗೇ ಬಂದವು. ಅವಳ ನಗು ಬಂತು, ಅವಳ ಬೈಗುಳ ಬಂತು, ಜ್ವರ ಬಂದಾಗ ಅವನ ತಲೆಗೆ ಹಾಕುತ್ತಿದ್ದ ಒದ್ದೆ ಬಟ್ಟೆ ಬಂತು. ಬರೆದು ಮುಗಿಸಿ ಸಿದ್ದಮಲ್ಲಪ್ಪ ಗಳಗಳ ಅತ್ತ. ತಾನು ಇಷ್ಟು ಚೆನ್ನಾಗಿ ಇನ್ನೊಂದು ಬರೆದಿಲ್ಲ, ಬರೆಯುವುದೂ ಇಲ್ಲ ಎಂದು ಅವನಿಗೆ ಅವತ್ತೇ ಗೊತ್ತಾಯಿತು.

ಹೆಂಗಸರು ಅದೇ ಬೀದಿಯ ಮಹದೇವಸ್ವಾಮಿಯ ಅರಿಸಿನದ ಹೊಲದಲ್ಲಿದ್ದರು. ಬದುವಿನ ಮೇಲೆ ಕೂತು ಹಾಡಿದ. ಯಾರೂ ತಲೆ ಎತ್ತಲಿಲ್ಲ. ಕುಡುಗೋಲಿನ ಸದ್ದು ಮಾತ್ರ ನಿಂತಿತ್ತು. ಎದ್ದು ಬಂದ.

ಮಾರನೆಯ ದಿನ ಬೇಲಿ ಮರೆಯಲ್ಲಿ ನಿಂತು ಕಿವಿಗೊಟ್ಟ. ಹೆಂಗಸರು ಟೊಮೆಟೊ ರೇಟಿನ ಬಗ್ಗೆ ಮಾತಾಡುತ್ತಿದ್ದರು. ಅದರ ಮಾರನೆಯ ದಿನ ಯಾವುದೋ ಸೋಬಾನೆ ಹಾಡಿಕೊಂಡರು. ಮೂರನೆಯ ದಿನ ಹಾಡೇ ಇಲ್ಲ. ಶೌಚಾಲಯದ ಹಾಡನ್ನು ಹಾಡಿದ ಹೆಂಗಸರು ಸ್ವಾಮಿ ಇವರು! ಅದನ್ನು ನಗುನಗುತ್ತಾ ಹಾಡಿದವರಿಗೆ ಇದು ಬಾಯಿಗೆ ಬರಲಿಲ್ಲವೇ?

ಇತ್ತ ಸೋಮೇಶನ ಫೋನು. "ಗುರುಗಳೇ, ಪವಿತ್ರಕ್ಕ ಹೇಳಿದ್ರು, ಹೊಸದು ಕಟ್ಟಿದ್ದೀರಂತೆ. ಪೂಜೆ ದಿನ ಎಲ್ಲರ ಮುಂದೆ ಹಾಡ್ಸಿ, ಅಲ್ಲೇ ರೆಕಾರ್ಡ್ ಮಾಡಿ ಬಿಡೋಣ. ಸುಧಾಮಣಿನ ಕರ್ಕೊಂಬತ್ತೀನಿ, ಏನ್ ವಾಯ್ಸು ಅಂತೀರಿ!"

"ನೋಡನ ಇರಪ್ಪ" ಎಂದು ಫೋನಿಟ್ಟ. ಹೆಂಗಸರು ಹಾಡದ ಹಾಡನ್ನು ಅವನು ಜೀವಮಾನದಲ್ಲಿ ಯಾರಿಗೂ ಕೊಟ್ಟಿರಲಿಲ್ಲ. ಕೊಡದೆ ಇದ್ದರೆ ಶಾಂತಮಲ್ಲಮ್ಮನಿಗೆ ಹಾಡಿಲ್ಲ. ಕೊಟ್ಟರೆ ತನ್ನ ಮಾತಿಗೆ ತಾನೇ ತಪ್ಪಿದ ಹಾಗೆ. ಪೂಜೆ ಹತ್ತಿರ ಬರುತ್ತಿತ್ತು. ತಡೆಯಲಾರದೆ ಒಂದು ಮಧ್ಯಾಹ್ನ ನೇರ ಹೊಲಕ್ಕೇ ಹೋದ.

ಹೆಂಗಸರು ಹುಣಸೆ ಮರದ ಕೆಳಗೆ ಬುತ್ತಿ ಬಿಚ್ಚಿದ್ದರು. ಸಾಲಿನ ಹಿರಿಯಳು ದೊಡ್ಡಮಲ್ಲಮ್ಮ. ಎಪ್ಪತ್ತು ಹತ್ತಿರವಾದರೂ ಕಣ್ಣು ಚುರುಕು, ನಾಲಗೆ ಅದಕ್ಕಿಂತ ಚುರುಕು. ಸಿದ್ದಮಲ್ಲಪ್ಪ ಅವಳನ್ನು ಅಕ್ಕ ಎನ್ನುತ್ತಿದ್ದ. ಅವನು ಬಂದದ್ದನ್ನು ನೋಡಿ ಅವಳು ಎದ್ದು ಈಚೆ ಬಂದಳು.

"ಅಕ್ಕ, ಒಂದ್ ಮಾತು ಕೇಳ್ತೀನಿ, ಮುಚ್ಚಿಡಬ್ಯಾಡ. ಹಾಡು ಚೆಂದಾಗಿಲ್ವಾ?"

"ಚೆಂದಾಗಿಲ್ಲ ಅಂತ ಯಾರಂದೋರು?"

"ಮತ್ತೆ ಹಾಡ್ನಿಲ್ವಲ್ಲ!"

"ಹಾಡ್ನಿಲ್ಲ. ಹಾಡಾಕಿಲ್ಲ."

"ಅದೇ ಯಾಕೆ ಅಂತ?"

ದೊಡ್ಡಮಲ್ಲಮ್ಮ ಹಿಂತಿರುಗಿ ಉಳಿದವರ ಕಡೆ ನೋಡಿದಳು. ಯಾರೂ ಉಣ್ಣುತ್ತಿರಲಿಲ್ಲ. "ನೋಡಪ್ಪ ಸಿದ್ದಮಲ್ಲ, ಚೆಂದಾಗಿಲ್ದೆ ಇದ್ದಿದ್ರೆ ನಮ್ಗೆ ಈ ಕಷ್ಟನೇ ಇರ್ನಿಲ್ಲ. ಅವತ್ತು ನೀನು ಎದ್ದೋಗೋದ್ರೊಳಗೇ ಎಲ್ರಿಗೂ ಬಾಯ್ಪಾಠ ಆಗೋಗಿತ್ತು. ಕಳೆ ಕೀಳ್ತಾ ಕೀಳ್ತಾ ಬಾಯ್ಗೆ ಬಂದ್ಬುಡ್ತದೆ, ನುಂಗ್ಕತೀವಿ. ನಿನ್ನೆ ಮಂಗಳಗೌರಿ ತಡೀನಾರ್ದೆ ಸಾಲು ಬುಟ್ಟು ಎದ್ದೋಗಿ ಅತ್ತುಬುಟ್ಲು. ನಾವೇನ್ ಮಾಡನ? ನಿನ್ ಹೆಂಡ್ರು ನಮ್ ಕೈಲಿ ಮಾದಪ್ಪನ ಆಣೆ ಇಕ್ಕುಸ್ಕಂಡವ್ಳೆ."

"ಎಂಥಾ ಆಣೆ?"

"ಅವಳ ಮೇಲೆ ಕಟ್ಟಿದ ಹಾಡ ನಾವ್ಯಾರೂ ಬಾಯ್ಗೆ ತಗಬಾರ್ದು ಅಂತ."

ಸಿದ್ದಮಲ್ಲಪ್ಪನಿಗೆ ಅರ್ಥವಾಗಲಿಲ್ಲ. ದೊಡ್ಡಮಲ್ಲಮ್ಮ ಅವನನ್ನು ಬದುವಿನ ಮೇಲೆ ಕೂರಿಸಿ ಹೇಳಿದಳು. ಏಳೂರ ಹೊನ್ನನ್ನು ಈ ಹೊಲಗಳಲ್ಲಿ ಮೊದಲು ಬಾಯಿಬಿಟ್ಟು ಹಾಡಿದವಳು ಶಾಂತಮಲ್ಲಮ್ಮನೇ. ನಾಚಿಕೊಂಡು, ಸೆರಗು ಕಚ್ಚಿಕೊಂಡು, ನಗುತ್ತಾ ಹಾಡಿದ್ದಳಂತೆ. ಆಮೇಲೆ ಹಾಡು ಕ್ಯಾಸೆಟ್ಟಾಯಿತು. ಅವಳು ಕೂಸು ಪವಿತ್ರಳನ್ನು ಎತ್ತಿಕೊಂಡು ತವರಿಗೆ ಹೋದವಳು, ಅವ್ವನಿಗೆ ತರಕಾರಿ ತಂದುಕೊಡೋಣ ಎಂದು ಸಂತೆಮರಹಳ್ಳಿ ಸಂತೆಗೆ ಹೋದಳು. ಕುದೇರಿನ ಹೆಣ್ಣು, ಎಡಗೆನ್ನೆಯಲ್ಲಿ ಮಚ್ಚೆ, ಕವಿಯ ಹೆಂಡತಿ. ಗುರುತು ಸಿಗದೆ ಇರುತ್ತದೆಯೇ?

"ತಕ್ಕಡಿ ಹಿಡ್ದೋರೆಲ್ಲ ಅದನ್ನೇ ಅನ್ನೋದಂತೆ ಕಣಪ್ಪ. ಈರುಳ್ಳಿಯೋನೂ ಅದೇ, ಬೆಲ್ಲದೋನೂ ಅದೇ. ಇವಳು ತಲೆ ತಗ್ಗುಸ್ಕಂಡು ಹೋದ್ಲು. ಮೆಣಸಿನಕಾಯೋನೊಬ್ಬ ತಕ್ಕಡಿ ತಟ್ಟೆ ಎತ್ತಿ ಅವಳ ಕೆನ್ನೇಗೇ ಹಿಡ್ದ್ಬುಟ್ಟ. 'ಇಕ್ಕು ಅಕ್ಕಯ್ಯ ಮಚ್ಚೆಯ, ಏಳೂರ ಹೊನ್ನು ತೂಗ್ಬುಡನ' ಅಂದ. ಸಂತೆಗೆ ಸಂತೇನೇ ನಗ್ತಂತೆ. ಸೊಂಟದ್ ಮೇಲಿದ್ದ ಕೂಸೂ ನಗ್ತಂತೆ, ಎಲ್ರೂ ನಗ್ತಾವ್ರಲ್ಲ ಅಂತ. ಬರೀ ಚೀಲ ಹಿಡ್ಕಂಡು ಕುದೇರ್ಗಂಟ ನಡ್ಕಂಡೇ ಹೋದ್ಲು. ಬಸ್ ಹತ್ತುದ್ರೆ ಕಂಡಕ್ಟ್ರೂ ಅದನ್ನೇ ಹಾಡ್ತಾನೆ ಅಂತ."

ಆ ಕಾಲದಿಂದ ಶಾಂತಮಲ್ಲಮ್ಮ ಯಾವ ಸಂತೆಗೂ ಕಾಲಿಟ್ಟವಳಲ್ಲ. ಉಪ್ಪಿನಿಂದ ಬಳೆಯವರೆಗೆ ತರುತ್ತಿದ್ದವನು ಸಿದ್ದಮಲ್ಲಪ್ಪನೇ. "ನಮ್ಮನೆಯವಳು ಸಂತೆ ಗಿಂತೆ ಸುತ್ತೋಳಲ್ಲ ಕಣ್ಲಾ" ಎಂದು ಅರಳಿಕಟ್ಟೆಯಲ್ಲಿ ಕೂತು ಎಷ್ಟು ಸಲ ಹೇಳಿಕೊಂಡಿದ್ದನೋ! ಅವಳ ಮೇಲೆ ಆಮೇಲೂ ಕೆಲವು ಹಾಡು ಕಟ್ಟಿದ್ದ. ಅವಳು ಕೂಸು ತೂಗುವುದರ ಮೇಲೊಂದು, ಅವಳ ಕಾಲ್ಗೆಜ್ಜೆಯ ಮೇಲೊಂದು. ಹೆಂಗಸರು ಹಾಡಲಿಲ್ಲ, ಸಪ್ಪೆಯಾಗಿರಬೇಕು ಎಂದು ಒಲೆಗೆ ಹಾಕಿದ್ದ. ಆಗೆಲ್ಲ ಆ ಹೆಂಗಸರ ಸಾಲಿನಲ್ಲಿ ಅವಳೂ ಕೂತು ಕಳೆ ಕೀಳುತ್ತಿದ್ದಳಲ್ಲವೇ?

"ನನ್ಗ್ಯಾಕೆ ಹೇಳ್ನಿಲ್ಲ ಅಕ್ಕ ಅವಳು?"

"ನಾವೂ ಅದೇ ಕೇಳುದ್ವಿ. 'ಹೇಳಿದ್ರೆ ಬರೆಯೋದ್ನೇ ಬುಟ್ಬುಡ್ತಾರೆ ಅಕ್ಕ. ಆ ಹಾಡ್ನ ಎಲ್ಲಾದ್ರೂ ಕೇಳ್ದಾಗ ಅವರ ಮೊಕ ನೋಡ್ಬೇಕು ನೀನು, ಕೂಸಿನಂಗೆ ಆಗೋಯ್ತಾರೆ' ಅನ್ನೋಳು. ನಿನ್ ಮೇಲೆ ಒಂದಿನಾನೂ ಸಿಟ್ಟು ಮಾಡ್ಕಳ್ನಿಲ್ಲ. ಸಿಟ್ಟೆಲ್ಲ ಹಾಡಿನ್ ಮೇಲೆ. ಈಗ ನೀನೇ ಹೇಳು. ಬದ್ಕಿದ್ರೆ ಹೋಗಿ ಕೇಳ್ಬೋದಿತ್ತು, ಈ ಒಂದು ಹಾಡ್ಕತೀವಿ ಕಣಮ್ಮಿ, ಬುಟ್ಬುಡು ಅಂತ. ಸತ್ತೋಗವ್ಳೆ. ಯಾರ ಕೇಳನ?"

ಅವನಿಗೆ ಮೊದಲು ಬಂದದ್ದು ಸಿಟ್ಟು. ಆ ಮೆಣಸಿನಕಾಯಿಯವನ ಮೇಲೆ ಸಿಟ್ಟು, ಇಷ್ಟು ವರ್ಷ ಬಾಯಿ ಬಿಡದ ಈ ಹೆಂಗಸರ ಮೇಲೆ ಸಿಟ್ಟು, ಎಲ್ಲಕ್ಕಿಂತ ಹೆಚ್ಚಾಗಿ ಸತ್ತವಳ ಮೇಲೆ. ಒಂದೇ ಹಾಸಿಗೆ, ಒಂದೇ ಒಲೆ. ಹೊಲದಲ್ಲಿ ನಾಲ್ಕು ಜನಕ್ಕೆ ಹೇಳಿದ ಮಾತನ್ನು ಕಟ್ಟಿಕೊಂಡ ಗಂಡನಿಗೆ ಹೇಳಬಾರದಿತ್ತೇ? ಮನೆಗೆ ಬಂದವನೇ ಸೋಮೇಶನಿಗೆ ಫೋನು ಹಚ್ಚಿದ. "ಹಾಡು ರೆಡಿ ಅದೆ. ಪೂಜೆ ದಿನ ನಾನೇ ಹಾಡ್ತೀನಿ, ರೆಕಾರ್ಡ್ ಮಾಡ್ಕಳಪ್ಪ" ಎಂದ. ಆಣೆ ಹೆಂಗಸರದ್ದು, ನನ್ನದಲ್ಲ. ಹಳೆಯದು ಅವಳನ್ನು ನೋಯಿಸಿತು, ಸರಿ. ಇದು ಹಾಗಲ್ಲ. ಇದರಲ್ಲಿ ತಕ್ಕಡಿ ಇಲ್ಲ, ಮಚ್ಚೆ ಇಲ್ಲ. ಕೇಳಿದವರು ಕಣ್ಣೊರೆಸಿಕೊಳ್ಳುತ್ತಾರೆ, ನಗುವುದಿಲ್ಲ. ಹೀಗೆಲ್ಲ ತನಗೆ ತಾನೇ ಹೇಳಿಕೊಂಡ. ಹೇಳಿಕೊಂಡದ್ದನ್ನೇ ಪೂಜೆಯ ದಿನದವರೆಗೂ ಹೇಳಿಕೊಳ್ಳುತ್ತಲೇ ಇದ್ದ.

ಪೂಜೆಯ ದಿನ ಹೊಲದ ಗದ್ದುಗೆಗೆ ಅಯ್ಯನವರು ಬಂದು ವಿಭೂತಿ ಹಚ್ಚಿ, ಹೂವು ಏರಿಸಿ, ಮಂತ್ರ ಹೇಳಿದರು. ಶಾಂತಮಲ್ಲಮ್ಮ ಮಲಗಿದ್ದ ಮಣ್ಣಿಗೆ ಪವಿತ್ರ ತೆಂಗಿನಕಾಯಿ ಇಟ್ಟು ಕೈಮುಗಿದಳು. ಆಮೇಲೆ ಎಲ್ಲರೂ ಮನೆ ಮುಂದಿನ ಶಾಮಿಯಾನಕ್ಕೆ ಬಂದರು. ನೆಂಟರು, ಊರವರು, ಕುದೇರಿನವರು, ಚುನಾವಣೆಗೆ ಹಾಡು ಬರೆಸಿಕೊಂಡಿದ್ದ ಆ ಇಬ್ಬರು ಮಾಜಿಗಳು ಕೂಡ ಬಂದು ಅಕ್ಕಪಕ್ಕ ಕುರ್ಚಿ ಹಾಕಿಕೊಂಡಿದ್ದರು. ಕಳೆಯ ಹೆಂಗಸರು ಹಿಂದೆ, ಚಾಪೆಯ ಮೇಲೆ. ಮುಂದೆ ಮೇಜಿನ ಮೇಲೆ ಹಾರ ಹಾಕಿದ ಶಾಂತಮಲ್ಲಮ್ಮನ ಫೋಟೊ. ಪವಿತ್ರ ಇದ್ದಬದ್ದ ಆಲ್ಬಮ್ಮೆಲ್ಲ ತಡಕಿದ್ದಳು. ಒಂದರಲ್ಲೂ ಅವ್ವ ನೇರ ನೋಡುತ್ತಿರಲಿಲ್ಲ. ಮುಖ ಎಡಕ್ಕೆ ತಿರುಗಿರುತ್ತಿತ್ತು, ಇಲ್ಲ ಕೆನ್ನೆಗೆ ಸೆರಗು ಬಂದಿರುತ್ತಿತ್ತು. ಇದ್ದುದರಲ್ಲಿ ಒಂದನ್ನು ದೊಡ್ಡದು ಮಾಡಿಸಿದ್ದಳು.

ಸಿದ್ದಮಲ್ಲಪ್ಪ ಒಗೆದ ಬಿಳಿ ಅಂಗಿ ತೊಟ್ಟು, ಜೇಬಿನಲ್ಲಿ ಹಾಡಿನ ಕಾಗದ ಇಟ್ಟುಕೊಂಡು ಕೂತಿದ್ದ. ಸೋಮೇಶ್ ಮೈಕ್ ಹಿಡಿದು, "ಗುರುಗಳು ಹೊಸ ಹಾಡು ಹಾಡ್ತಾರೆ. ಅದಕ್ಕೂ ಮೊದಲು ಅವರಿಗೆ ಗೊತ್ತಿಲ್ಲದಂಗೆ ನಮ್ಮ ಕಡೆಯಿಂದ ಅಮ್ಮನಿಗೊಂದು ಕಾಣಿಕೆ" ಎಂದ. ಕೀಬೋರ್ಡಿನವನು ಬೆರಳಾಡಿಸಿದ. ಸುಧಾಮಣಿ ಎಂಬ ಆ ಹುಡುಗಿ ಕಣ್ಣು ಮುಚ್ಚಿ, ನಿಧಾನಕ್ಕೆ, ದುಃಖದ ಧಾಟಿಯಲ್ಲಿ ಎತ್ತಿಕೊಂಡಳು.

ಸಂತೆಮರಳ್ಳಿ ಸಂತೆಗೆ ಬಂದ ಕುದೇರೂರ ಹೆಣ್ಣು...

ಅಯ್ಯೋ ಪುಣ್ಯಾತ್ಮ, ಸೋಮೇಶನದೇನು ತಪ್ಪು? ಊರಿಗೆ ಊರೇ ಅದನ್ನು ಶಾಂತಮಲ್ಲಮ್ಮನ ಹಾಡು ಎಂದುಕೊಂಡಿತ್ತು. ಅವಳ ದಿನ ಅವಳ ಹಾಡು ಹಾಡದೆ ಇನ್ನೇನು ಹಾಡುತ್ತಾರೆ? ಜನ ತಲೆದೂಗಿದರು. ಕುದೇರಿನ ಹೆಂಗಸೊಬ್ಬಳು ಕಣ್ಣೊರೆಸಿಕೊಂಡಳು. ಎಲ್ಲರೂ ಕವಿಯ ಮುಖ ನೋಡಿದರು, ಅಲ್ಲಿಂದ ಫೋಟೊ ನೋಡಿದರು. ಮುಂದಿನ ಸಾಲಿನ ಗಂಡಸೊಬ್ಬ ಕುರ್ಚಿಯಿಂದ ಅರ್ಧ ಎದ್ದು, ಕತ್ತು ಚಾಚಿ, ಪಕ್ಕದವನಿಗೆ, "ಎಲ್ಲಿ ಮಚ್ಚೆ? ಕಾಣ್ತಾನೇ ಇಲ್ವಲ್ಲ" ಎಂದ. ಪಕ್ಕದವನು ತಾನೂ ಎದ್ದು ಹತ್ತಿರ ಹೋಗಿ ಹಾರವನ್ನು ಬೆರಳಿನಿಂದ ಒತ್ತಟ್ಟಿಗೆ ಸರಿಸಿ ನೋಡಿದ. ಕೆಟ್ಟ ಬುದ್ಧಿಯಿಂದಲ್ಲ ಪಾಪ, ಭಕ್ತಿಯಿಂದಲೇ ಸರಿಸಿದ.

ಸಿದ್ದಮಲ್ಲಪ್ಪ ತಿರುಗಿ ಹಿಂದೆ ನೋಡಿದ. ಚಾಪೆಯ ಮೇಲಿನ ಹೆಂಗಸರು ಒಬ್ಬರೂ ತಲೆ ಎತ್ತಿರಲಿಲ್ಲ. ಕಳೆ ಇಲ್ಲದಿದ್ದರೂ ನೆಲ ನೋಡಿಕೊಂಡೇ ಕೂತಿದ್ದರು.

ಎದ್ದು ಹೋಗಿ, "ನಿಲ್ಸು" ಎಂದ.

ಸೋಮೇಶನಿಗೆ ಕೇಳಿಸಲಿಲ್ಲ. ಗುರುಗಳು ತಾವೇ ಹಾಡಲು ಬಂದರೆಂದು ಮೈಕನ್ನು ಅವನ ಕೈಗೇ ಕೊಟ್ಟ. ಸಿದ್ದಮಲ್ಲಪ್ಪ ಮೈಕಿನಲ್ಲೇ ಹೇಳಿದ, "ನಿಲ್ಸು ಸೋಮೇಶ. ಸಾಕು."

ಕೀಬೋರ್ಡು ನಿಂತಿತು. ಮೈಕ್ ಹಿಡಿದು ಎಷ್ಟೋ ಸಭೆ ನಗಿಸಿದ್ದವನು ಜನರ ಕಡೆ ತಿರುಗಿದ.

"ನೀವೆಲ್ಲ ಪ್ರೀತಿಯಿಂದ ಕೇಳ್ತಾ ಇದ್ರಿ. ತಪ್ಪು ತಿಳ್ಕಬ್ಯಾಡಿ. ಅವಳಿಗೆ ಈ ಹಾಡು ಇಷ್ಟ ಇರ್ನಿಲ್ಲ. ನನಗೂ ಈಗೀಗ ಗೊತ್ತಾಯ್ತು. ಇವತ್ತು ಅವಳ ದಿನ. ಇವತ್ತೊಂದು ದಿನನಾದ್ರೂ ಬ್ಯಾಡ."

ಶಾಮಿಯಾನದಲ್ಲಿ ಪಿಸುಪಿಸು ಎದ್ದಿತು. ಯಾರೋ, "ಹೆಂಡ್ತಿ ಹೋದ್ಮೇಲೆ ತಲೆ ಕೆಟ್ಟದೆ ಪಾಪ" ಎಂದದ್ದು ಅವನಿಗೆ ಕೇಳಿಸಿತು. ಸೋಮೇಶ್ ಗಲಿಬಿಲಿಯಾಗಿ, "ಹಂಗಾದ್ರೆ ಹೊಸದು ಹಾಡ್ಬಿಡಿ ಗುರುಗಳೇ, ರೆಕಾರ್ಡಿಂಗ್ ಆನ್ ಮಾಡಿದ್ದೀನಿ" ಎಂದು ಪಿಸುಗುಟ್ಟಿದ.

ಸಿದ್ದಮಲ್ಲಪ್ಪನ ಕೈ ಜೇಬಿಗೆ ಹೋಯಿತು. ಕಾಗದದ ಮಡಿಕೆ ಬೆರಳಿಗೆ ಸಿಕ್ಕಿತು. ಅದರೊಳಗೆ ಹೊಸಲು ಇತ್ತು, ಒಲೆ ಇತ್ತು, ಒದ್ದೆ ಬಟ್ಟೆ ಇತ್ತು. ನಾಳೆ ಅದು ಚಾಮರಾಜನಗರದ ಹೋಟೆಲಿನಲ್ಲಿ, ಸಂತೆಮರಹಳ್ಳಿಯ ಬಸ್ಸಿನಲ್ಲಿ. ಕಣ್ಣೀರಿಟ್ಟುಕೊಂಡು ಕೇಳುತ್ತಾರೆ ನಿಜ. ಕೇಳಿ ಬಂದು ಇದೇ ಒಲೆ, ಇದೇ ಒರಳು ಎಲ್ಲಿ ಎಂದು ಬಗ್ಗಿ ನೋಡುತ್ತಾರೆ. ಅವಳು ಇನ್ನೊಮ್ಮೆ ಮುಖ ತಿರುಗಿಸಿಕೊಳ್ಳಬೇಕು. ಸತ್ತವಳು ಎತ್ತ ಕಡೆಗೆ ಅಂತ ತಿರುಗಿಸಿಕೊಂಡಾಳು?

"ಹೊಸದೂ ಇಲ್ಲ ಕಣಪ್ಪ" ಎಂದ. "ಅವಳ ಮೇಲೆ ಹಾಡಿಲ್ಲ."

ಆಗ ಹಿಂದಿನಿಂದ ದೊಡ್ಡಮಲ್ಲಮ್ಮ ಮಂಡಿ ಹಿಡಿದುಕೊಂಡು ಎದ್ದಳು. ನಡೆದು ಬಂದು ಫೋಟೊದ ಹಾರವನ್ನು ಸರಿಯಾಗಿ ಎಳೆದು ಕೂರಿಸಿ, ಗಂಡಸರ ಕಡೆ ತಿರುಗಿ, "ಏನ್ ಮೊಕಮೊಕ ನೋಡ್ಕಂಡ್ ಕುಂತಿದ್ದೀರಿ? ಎಲೆ ಹಾಕ್ಸ್ರಪ್ಪ, ಹೊತ್ತು ನೆತ್ತಿಗೆ ಬಂತು" ಎಂದು ಗದರಿದಳು. ಕುರ್ಚಿಗಳು ಸರಿದವು. ಊಟದ ಗದ್ದಲ ಶುರುವಾಯಿತು.

ಸಿದ್ದಮಲ್ಲಪ್ಪ ಒಳಗೆ ಅಡಿಗೆಮನೆಯಲ್ಲಿ ಹೋಗಿ ಕೂತ. ಸ್ವಲ್ಪ ಹೊತ್ತಿಗೆ ಪವಿತ್ರ ಬಂದಳು. ಕಣ್ಣು ಕೆಂಪಗಿತ್ತು. ಮೆಣಸಿನಕಾಯಿಯವನ ಕತೆಯನ್ನು ಅವಳಿಗೆ ಆಗಲೇ ಮಂಗಳಗೌರಿ ಹೇಳಿದ್ದಳು.

"ನಾನೂ ನಕ್ಕಿದ್ನಂತೆ" ಎಂದಳು.

"ನೀನು ಕೂಸು. ನಿಂಗೇನು ಗೊತ್ತಾಯ್ತದೆ. ನಾನು ಕೂಸಾಗಿದ್ನಾ?"

ಅವಳು ಅಪ್ಪನ ಪಕ್ಕ ಒಲೆಯ ಮುಂದೆ ಕೂತಳು. ಹೊರಗೆ ಪಾಯಸ ಬಡಿಸುವವರ ಕೂಗು ಕೇಳುತ್ತಿತ್ತು. ಅವಳೇ ಕೇಳಿ ಬರೆಸಿದ ಹಾಡು. ಒಂದು ಸಾಲನ್ನೂ ಅವಳು ಕೇಳಿರಲಿಲ್ಲ.

"ಅಪ್ಪ, ಅದರಲ್ಲಿ ಏನಿತ್ತು?"

"ನಿಮ್ಮವ್ವ ಇದ್ಲು."

"ಯಾರಿಗೂ ಹಾಡ್ಬೇಡಿ, ರೆಕಾರ್ಡೂ ಬೇಡ. ನಂಗೊಬ್ಬಳಿಗೆ ಹಾಡ್ರಿ. ಇಲ್ಲೇ, ಮೆಲ್ಲಗೆ. ನಾನ್ಯಾರಿಗೂ ಹೇಳಲ್ಲ."

ಸಿದ್ದಮಲ್ಲಪ್ಪ ಮಗಳ ಮುಖವನ್ನೇ ನೋಡಿದ. ಬಾಯಿವರೆಗೂ ಬಂತು. ಹೊಲದಲ್ಲಿ ಆ ಹೆಂಗಸರು ದಿನಾ ನುಂಗಿಕೊಂಡದ್ದು ಎಷ್ಟು ಕಷ್ಟದ್ದು ಎಂದು ಅವನಿಗೆ ಆಗ ತಿಳಿಯಿತು.

"ಆ ಏಳೂರ ಹೊನ್ನನ್ನೂ ಮೊದ್ಲು ನಿಮ್ಮವ್ವ ಒಬ್ಬಳಿಗೇ ಅಂತ ಹಾಡಿದ್ದು ಕಣಮ್ಮಿ" ಎಂದ.

ಪವಿತ್ರ ಮತ್ತೆ ಕೇಳಲಿಲ್ಲ. ಎದ್ದು ಅಪ್ಪನಿಗೆ ಎಲೆ ಹಾಕಿ, ಪಾಯಸ ತರಲು ಹೊರಗೆ ಹೋದಳು.